ಮೇಸ್ತ್ರಿಯ ನೇರ ದಾರಿ, ಹಿತ್ತಿಲಿನ ಕೊರಕಲು

ನಮ್ಮ ಹಿತ್ತಿಲಿನ ಕೊರಕಲು ಒಂದೊಂದು ಮಳೆಗೂ ಮನೆಯತ್ತ ಮಣ್ಣು ಕಡಿಯುತ್ತ ಬರುತ್ತಿತ್ತು. ಹತ್ತು ಹೆಜ್ಜೆ ದೂರವಿದ್ದದ್ದು ಆರಕ್ಕೆ ಬಂದಾಗ ನನಗೆ ಊಟ ಸೇರಲಿಲ್ಲ. ಹಿಂದಿನ ಕೋಣೆಯಲ್ಲೇ ನನ್ನ ಕೂಸಿನ ತೊಟ್ಟಿಲು.

ಮಾವ ಗಾರೆ ಮೇಸ್ತ್ರಿ. “ಗೋಡೆ ಕಟ್ಟೋನ ಮನೇಗೆ ಗುಂಡಿ ಹೆದರಿಸುತ್ತಾ?” ಎಂದು ಒಡೆದ ಇಟ್ಟಿಗೆ ತಂದು ಕೊರಕಲಿಗೆ ಸುರಿದರು. ಮುಂದಿನ ಮಳೆಯ ನೀರು ಇಟ್ಟಿಗೆಯನ್ನು ಬಳಸಿಕೊಂಡು ಹೋಗಿ ಎರಡೂ ಬದಿ ಕೊರೆಯಿತು.

ಪಕ್ಕದ ಮನೆಯಾಕೆ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ ಮಾಡುತ್ತಾರೆ. ಎಲ್ಲರಿಗೂ ಅವರು ಸಸಿಯಕ್ಕ. “ಅಣ್ಣಾ, ರೋಗ ಇರೋದು ಮೇಲೆ. ಬನ್ನಿ ತೋರಿಸ್ತೀನಿ” ಎಂದು ಜಿಟಿಜಿಟಿ ಮಳೆಯಲ್ಲೇ ನಮ್ಮನ್ನು ಮನೆಯ ಮೇಲಿನ ಇಳಿಜಾರಿಗೆ ಹತ್ತಿಸಿದರು.

ಹುಲ್ಲಿದ್ದ ಕಡೆ ನೀರು ಹರಡಿಕೊಂಡು, ತಿಳಿಯಾಗಿ, ಮೆಲ್ಲಗೆ ಇಳಿಯುತ್ತಿತ್ತು. ಮೇಲಿನ ರಸ್ತೆಯಿಂದ ನಮ್ಮ ಹಿತ್ತಿಲಿನವರೆಗಿನ ಕಾಲುದಾರಿಯಲ್ಲಿ ಮಾತ್ರ ಕೆಂಪಗೆ ಒಂದೇ ಧಾರೆಯಾಗಿ ಓಡುತ್ತಿತ್ತು.

“ಈ ದಾರಿ ಮಾಡಿದ್ಯಾರು?” ಸಸಿಯಕ್ಕ ಕೇಳಿದರು.

“ನಾನೇ. ದಾರ ಹಿಡಿದು ಎಳೆದಿದ್ದು. ಒಂದು ಬೆರಳು ಸೊಟ್ಟ ಇದ್ರೆ ಕೇಳಮ್ಮ!” ಎಂದರು ಮಾವ.

“ಅದೇ ಆಗಿದ್ದು ಎಡವಟ್ಟು. ಹುಲ್ಲು ಕೆತ್ತಿ, ಇಳಿಜಾರಿಗೆ ನೆಟ್ಟಗೆ ದಾರಿ ಬಿಟ್ರೆ ನೀರು ಓಡದೆ ಏನ್ಮಾಡುತ್ತೆ? ಇಳಿಜಾರು ಕಡಿದಾದಷ್ಟೂ, ಉದ್ದ ಆದಷ್ಟೂ ಅದರ ಜೋರು ಜಾಸ್ತಿ. ಹುಲ್ಲಿನ ಎಲೆ ಆ ಜೋರು ಮುರಿಯುತ್ತೆ, ಬೇರು ಮಣ್ಣು ಹಿಡಿಯುತ್ತೆ.”

“ಮೇಸ್ತ್ರಿ ಸೊಟ್ಟ ದಾರಿ ಹಾಕಿದ್ರೆ ಜನ ನಗಲ್ವಾ?”

“ನಗಲಿ ಬಿಡಿ. ಗೋಡೆ ಬಿದ್ರೆ ಅಳೋರು ನೀವೇ ತಾನೇ?”

ಮರುದಿನ ಬೆಳಿಗ್ಗೆ ಮಾವ ತಾವೇ ಗುದ್ದಲಿ ಹಿಡಿದು ತಮ್ಮ ಹೆಮ್ಮೆಯ ದಾರಿಯನ್ನು ಅಗೆದು ಹಾಕಿದರು. ಆ ವಯಸ್ಸಿನಲ್ಲಿ ತನ್ನ ಕೈಕೆಲಸವನ್ನೇ ತಪ್ಪೆಂದು ಒಪ್ಪಲು ಎಂಥ ಗಟ್ಟಿ ಮನಸ್ಸು ಬೇಕು! ಹೊಸ ದಾರಿ ಇಳಿಜಾರಿಗೆ ಅಡ್ಡಡ್ಡವಾಗಿ, ಬಳಸುತ್ತ ಇಳಿಯಿತು. ಹಳೆಯ ದಾರಿಗೆ ಸಸಿಯಕ್ಕ ಸಾಲುಸಾಲಾಗಿ ಹುಲ್ಲಿನ ಬುಡ ನೆಡಿಸಿದರು. ಬೇರು ಕಚ್ಚುವವರೆಗೆ ಮೇಕೆ ನುಗ್ಗದಂತೆ ಮುಳ್ಳು ಹಾಕಿದೆವು. ಕೊರಕಲಿನೊಳಗೆ ಮಾವ ಅಲ್ಲಲ್ಲಿ ಕಲ್ಲಿನ ಗಿಡ್ಡ ತಡೆ ಕಟ್ಟಿದರು. ನೀರು ಬದಿ ಕೊರೆಯದೆ ನಡುವೆಯೇ ದಾಟಲೆಂದು ನಡುಭಾಗವನ್ನು ತಗ್ಗಾಗಿ ಬಿಟ್ಟರು.

ಎರಡು ಮಳೆಗಾಲ ಕಳೆದವು. ಕೊರಕಲು ಇದ್ದಲ್ಲೇ ನಿಂತಿದೆ, ಅಂಚಿನಲ್ಲಿ ಮೊಣಕಾಲೆತ್ತರ ಹುಲ್ಲು. ಸೊಟ್ಟ ದಾರಿ ನೋಡಿ ಯಾರಾದರೂ ನಕ್ಕರೆ ಮಾವ, “ಹೀಗೆ ಸೊಟ್ಟ ಹಾಕೋಕೂ ಕೈ ಪಳಗಿರಬೇಕು ಕಣಯ್ಯಾ” ಎನ್ನುತ್ತಾರೆ.

ನಿಮ್ಮ ಮನೆಯ ಹತ್ತಿರವೂ ಕೊರಕಲಿದೆಯೇ? ಗುಡುಗು ಸಿಡಿಲಿಲ್ಲದ ಮಳೆಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು, ಅದರ ಮೇಲಿನ ಇಳಿಜಾರನ್ನು ನೋಡಿ ಬನ್ನಿ. ಎಲ್ಲಿ ನೆಲ ಬೋಳಾಗಿದೆಯೋ, ಎಲ್ಲಿ ನೀರು ಕೆಂಪಾಗಿ ಓಡುತ್ತಿದೆಯೋ, ಅಲ್ಲಿಂದಲೇ ಹುಲ್ಲು ನೆಡಲು ಶುರುಮಾಡಿ. ದಯವಿಟ್ಟು, ಕೊರಕಲು ಇನ್ನೂ ಒಂದೇ ಹೆಜ್ಜೆಗೆ ದಾಟುವಷ್ಟು ಚಿಕ್ಕದಿರುವಾಗಲೇ.