ಒಳ್ಳೆಯ ಗಂಡನ ಕಾಟ

ಕೆಟ್ಟ ಗಂಡ ಇಲ್ಲದೆ ನಮ್ಮ ನಾಟಕ ನಡೆಯೋದೇ ಇಲ್ಲ. ಅಜ್ಜಂದಿರ ಕಾಲದ ನಾಟಕ, ನೋಡೋಕೆ ಬರೋರಿಗೆಲ್ಲ ಕಥೆ ಬಾಯಿಪಾಠ. ಮೊದಲ ಅಂಕದಲ್ಲಿ ಗಂಡ ಊಟದ ತಟ್ಟೆ ಎಸೀತಾನೆ. ಎರಡನೇದರಲ್ಲಿ ಹೆಂಡತಿ ಗೆಳತಿಯ ಮದುವೆಗೆ ಹೊರಟ್ರೆ ಅವಳ ಸೀರೆಯ ಬೀರುವಿಗೆ ಬೀಗ ಜಡೀತಾನೆ. ಮೂರನೇದರಲ್ಲಿ ಅವಳು ಎಲ್ಲಾನೂ ಮುಖಕ್ಕೆ ಹೇಳಿ ಹೊಸ್ತಿಲು ದಾಟಿ ಹೋಗ್ತಾಳೆ.

ಆ ಕೊನೇ ದೃಶ್ಯಕ್ಕೆ ನಾನು ಜೀವ ಹಿಡ್ಕೊಂಡು ಕಾದವಳು. ಕಂಪನಿ ಸೇರಿದಾಗಿನಿಂದ ನನ್ನದು ಕೆಲಸದವಳ ಪಾತ್ರ, "ಅಮ್ಮಾವ್ರೇ, ಯಾರೋ ಬಂದಿದ್ದಾರೆ" ಅನ್ನೋದೊಂದೇ ಮಾತು. ಈ ಸಲ ದೊಡ್ಡ ನಟಿ ಬೇರೆ ಕಂಪನಿಗೆ ಹಾರಿದಳು, ಹೆಂಡತಿ ಪಾತ್ರ ನನ್ನ ಮಡಿಲಿಗೆ ಬಿತ್ತು.

ನಾಟಕ ಆಡಿಸೋ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ರು: "ಇವತ್ತು ಕೊನೇ ದೃಶ್ಯ ಗೆದ್ರೆ ಪಾತ್ರ ನಿಂದೇ. ಇಲ್ಲಾಂದ್ರೆ ಮತ್ತೆ ಬಾಗಿಲು ತೆಗೆಯೋ ಕೆಲಸ."

ಗಂಡನ ಪಾತ್ರ ನಮ್ಮ ಗುಂಡನದು. ತಾಲೀಮಿನಲ್ಲಿ ಹುಲಿ. ಬಣ್ಣ ಹಚ್ಕೊಳ್ಳೋವಾಗ ಹಲ್ಲು ಕಿರೀತಾ ಬಂದ.

"ಅಕ್ಕಾ, ನನಗೆ ನೋಡಿರೋ ಹುಡುಗಿ ಬಂದಿದ್ದಾಳೆ. ಅವಳಪ್ಪ, ಸೋದರತ್ತೆ ಎಲ್ಲಾ ಮುಂದಿನ ಸಾಲಿನಲ್ಲೇ. ಹುಡುಗನ ಗುಣ ನೋಡಬೇಕಂತೆ."

ಆಗಲೇ ನನಗೆ ಹೊಳೀಬೇಕಿತ್ತು. ಎಲ್ಲಿ, ನಾನು ಹೇರ್‌ಪಿನ್ ಹುಡುಕ್ತಾ ಇದ್ದೆ.

ತೆರೆ ಎದ್ದಿತು. ನಾನು ಬಡಿಸಿದೆ. ಗುಂಡ ತಟ್ಟೆ ಎತ್ತಿದ, ಮುಂದಿನ ಸಾಲು ನೋಡಿದ, ಮೆಲ್ಲಗೆ ಕೆಳಗಿಟ್ಟ. "ಉಪ್ಪು ಒಂಚೂರು ಕಮ್ಮಿ, ಆದ್ರೂ ಅಮೃತ" ಅಂದ. ನಾನೀಗ ಒಡೆದ ಚೂರು ಆರಿಸ್ತಾ ಅಳಬೇಕು. ಚೂರೆಲ್ಲಿದೆ? ಆದ್ರೂ ಅತ್ತೆ. ಜನ ಬಿದ್ದೂ ಬಿದ್ದೂ ನಕ್ಕರು.

ಎರಡನೇ ಅಂಕದಲ್ಲಿ ಬೀರುವಿಗೆ ಬೀಗ ಹಾಕೋದು ಬಿಟ್ಟು ಅದರಿಂದ ಶಾಲು ತೆಗೆದು ನನಗೆ ಹೊದಿಸಿದ. "ಹೋಗಿ ಬಾ ಚಿನ್ನ, ಹೊರಗೆ ಚಳಿ." ಶಾಲಿನೊಳಗಿಂದ ಅವನನ್ನ ಚಿವುಟಿ, "ಬೈಯೋ, ನನ್ನ ಬೈಯೋ" ಅಂತ ಪಿಸುಗುಟ್ಟಿದೆ. ಅವನು ಕಣ್ಣೀರು ತುಂಬ್ಕೊಂಡು ನಕ್ಕ. ಸೋದರತ್ತೆ ಇಡೀ ಸಭೆಗೆ ಕೇಳೋ ಹಾಗೆ, "ಬಂಗಾರದಂಥ ಹುಡುಗ" ಅಂದ್ರು. ಪಕ್ಕದ ಪರದೆ ಹಿಂದೆ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ರು.

ಮೂರನೇ ಅಂಕ ಬಂತು. ಇಂಥ ದೇವರಂಥ ಗಂಡನ್ನ ಯಾವ ಬಾಯಲ್ಲಿ ಬೈದು ಬಿಟ್ಟು ಹೋಗಲಿ? ನನ್ನ ಬಾಯಿಗೆ ಬಂದ ತುತ್ತಿಗೆ ಮಣ್ಣು ಹಾಕಿದ್ದ, ಪಾಪಿ. ಮೈಯೆಲ್ಲ ಉರಿದುಹೋಯ್ತು. ಬರೆದ ಮಾತು ಬಿಟ್ಟೇ ಬಿಟ್ಟೆ.

"ಇವತ್ತು ಒಂದು ಸಲವಾದ್ರೂ ನನ್ನ ಮುಖ ನೋಡಿದ್ರಾ?"

"ನೋಡ್ತಾನೇ ಇದೀನಲ್ಲ" ಅಂದ, ಮುಂದಿನ ಸಾಲಿಗೆ ಮುಗುಳ್ನಗೆ ಬೀರ್ತಾ. ಮತ್ತೆ ನಗೆ.

"ಅಲ್ಲಲ್ಲ, ಇಲ್ಲಿ ನೋಡಿ. ಊಟ ಹೊಗಳಿದ್ರಿ, ತುತ್ತು ಬಾಯಿಗಿಡಲಿಲ್ಲ. ಶಾಲು ಹೊದಿಸಿದ್ರಿ, ಚಳಿ ಆಗ್ತಿದೆಯಾ ಅಂತ ಕೇಳಲಿಲ್ಲ. ನಿಮ್ಮ ಒಳ್ಳೆತನ ನೋಡೋರಿಗೆ, ನನಗಲ್ಲ. ತಟ್ಟೆ ಎಸೆಯೋ ಗಂಡ ಕೂಡ ಹೆಂಡತಿ ಕಡೆ ನೋಡಿ ಎಸೀತಾನೆ."

ನಗು ನಿಂತುಹೋಯ್ತು. ಗುಂಡ ಕೊನೆಗೂ ನನ್ನ ಕಡೆ ತಿರುಗಿದ. ನಾಟಕದಲ್ಲಿ ಗರ್ಜಿಸಬೇಕಾದ ಮಾತು, "ಹೊಸ್ತಿಲು ದಾಟಿದ್ರೆ ವಾಪಸ್ ಬರಬೇಡ" ಅನ್ನೋದನ್ನ ಬೇಡಿಕೊಳ್ಳೋ ಹಾಗೆ ಅಂದ. ನಾನು ದಾಟಿದೆ.

ಬಾಗಿಲ ಹಿಂದೆ ಕತ್ತಲು. ಒಂದು ಚಪ್ಪಾಳೆಯೂ ಇಲ್ಲ. ಮುಗೀತು, ನಾಳೆಯಿಂದ ಮತ್ತೆ "ಅಮ್ಮಾವ್ರೇ" ಅಂದ್ಕೊಂಡೆ. ಆಗ ಯಾರೋ ಒಬ್ಬರೇ ಚಪ್ಪಾಳೆ ತಟ್ಟೋ ಸದ್ದು. ಸಂದಿಯಲ್ಲಿ ಇಣುಕಿದೆ. ಆ ಹುಡುಗಿ ಎದ್ದು ನಿಂತಿದ್ದಾಳೆ. ಸೋದರತ್ತೆ ಕೈ ಹಿಡಿದು ಎಳೀತಿದ್ದಾರೆ, ಅವಳು ಕೂರ್ತಿಲ್ಲ. ಗುಂಡನ ಕಡೆ ನೋಡ್ತಾನೇ ಇಲ್ಲ, ನಾನು ಹೋದ ಬಾಗಿಲನ್ನೇ ನೋಡ್ತಿದ್ದಾಳೆ. ಆಮೇಲೆ ಇಡೀ ಸಭೆ ಎದ್ದಿತು.

ಮೇಷ್ಟ್ರು ಬಂದು ನನ್ನ ತಲೆ ಸವರಿ ಹೋದ್ರು. ಗುಂಡ ಬಾಡಿದ ಮುಖ ಹೊತ್ತು ಬಂದ. "ಅಕ್ಕಾ, ನನ್ನ ಮದುವೆ?"

"ಹೋಗು, ಅವಳ ಹತ್ರ ಮಾತಾಡು. ಅವಳನ್ನೇ ನೋಡಿ ಮಾತಾಡು, ಅವಳಪ್ಪನ್ನ ನೋಡಿ ಅಲ್ಲ."

ಬಣ್ಣ ಕೂಡ ಒರೆಸಿಕೊಳ್ಳದೆ ಓಡಿದ. ನಾನು ಕತ್ತಲಲ್ಲಿ ಒಬ್ಬಳೇ ನಗ್ತಾ, ಅಳ್ತಾ ಕೂತೆ.