ಅತ್ತೆಯ ಊಟ ಆಯಿತೇ?

ಅತ್ತೆ ತೀರಿಕೊಂಡು ಅಂದಿಗೆ ಒಂದು ವರ್ಷ. ನಮ್ಮ ತೈನಾನ್ ಕಡೆ ಸತ್ತವರ ಊಟ ಮುಗಿಯದೆ ಬದುಕಿರುವವರು ಬಾಯಿಗೆ ತುತ್ತು ಇಡುವಂತಿಲ್ಲ. ಮುಗಿಯಿತೇ ಎಂದು ಅವರನ್ನೇ ಕೇಳಬೇಕು. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದಾಗ ಒಂದು ಅಂಗಾತ, ಒಂದು ಬೋರಲು ಬಿದ್ದರೆ ಆಯಿತು ಎಂದರ್ಥ.

ಹಿರಿಯ ಮಗ ಕುನ್‌ಹುವಾ ಭಾವ ಹಾಕಿದರು. ಎರಡೂ ಬೋರಲು, ಅಂದರೆ ಇಲ್ಲ. ಊದುಬತ್ತಿ ಹಚ್ಚಿ, ಕಾದು, ಮತ್ತೆ ಹಾಕಿದರು. ಅದೇ ಉತ್ತರ. ಮೂರನೆಯ ಸಲ ಎರಡೂ ಅಂಗಾತ ಬಿದ್ದವು. ಅಂದರೆ ಅತ್ತೆ ನಗುತ್ತಿದ್ದಾರೆ.

ವಾರಗಿತ್ತಿ ಯುಯೇಶಿಯಾ ಇದಕ್ಕೇ ಕಾಯುತ್ತಿದ್ದಳು. ಕೈಯಲ್ಲಿ ಕೆಂಪು ಬಟ್ಟೆ ಬೇರೆ.

"ಲೀಚು, ಅತ್ತೆಗೆ ನಿನ್ ಕೈ ಊಟ ಸೇರ್ತಿಲ್ಲ. ಧೂಪದ ಕುಂಡಾನ ಈ ಬಟ್ಟೇಲಿ ಸುತ್ತಿ ತೈಚುಂಗಿಗೆ ತಗೊಂಡ್ಹೋಗ್ತೀವಿ. ನಮ್ಮನೇಲಿ ಏಸಿ ಇದೆ."

"ಸತ್ತೋರಿಗೆ ಏಸಿ ಯಾಕಕ್ಕ?"

"ಕೊಂಕು ಮಾತು ಬೇಡ. ಅವರೇ ಒಲ್ಲೆ ಅಂತಿರೋದು ಕಾಣಲ್ವಾ?"

ಕುಂಡ ಎಲ್ಲಿಯೋ ಅತ್ತೆ ಅಲ್ಲಿ. ಹದಿನೆಂಟು ವರ್ಷ ಬೈಸಿಕೊಂಡು ಬಡಿಸಿದವಳು ನಾನು. ಅವರನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಮೇಜು ನೋಡಿದೆ. ನಡುವೆ ಯುಯೇಶಿಯಾ ತಂದ ಇಡೀ ಕೋಳಿ ತಲೆಯೆತ್ತಿ ಕೂತಿತ್ತು. ಇಡೀ ಕೋಳಿ ಇಡುವುದು ದೇವರಿಗೆ, ಮನೆಯವರಿಗಲ್ಲ. ನನಗೂ ನಗು ಬಂತು. ಒಳಗಿನಿಂದ ಕತ್ತರಿ ತಂದೆ.

"ಏನೇ ಮಾಡ್ತಿದೀಯ? ಅಷ್ಟು ಚಂದದ ಕೋಳೀನ!"

"ಹಲ್ಲಿಲ್ಲದೋರ ಮುಂದೆ ಇದನ್ನಿಟ್ರೆ ನಗದೆ ಇನ್ನೇನು ಮಾಡ್ತಾರಕ್ಕ?"

ಮೂಳೆ ಬಿಡಿಸಿ, ಮಾಂಸವನ್ನು ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿ, ಬಿಸಿ ಗಂಜಿಗೆ ಕಲಸಿ ಇಟ್ಟೆ. ದಿನವೂ ಮಾಡುತ್ತಿದ್ದದ್ದೇ, ಕೈ ಮರೆತಿರಲಿಲ್ಲ.

"ಒಂದು ಊದುಬತ್ತಿ ಉರಿಯೋವರೆಗೂ ತಡೀರಿ ಭಾವ. ಅವ್ರು ತಿನ್ನೋದು ನಿಧಾನ."

ಕಾದೆವು. ಭಾವ ಹಾಕಿದರು. ಒಂದು ಅಂಗಾತ, ಒಂದು ಬೋರಲು.

ಭಾವ ನೆಲದಿಂದ ಏಳಲಿಲ್ಲ.

"ಅಮ್ಮನ ಹಲ್ಲು ಯಾವಾಗ ಬಿದ್ವು, ಲೀಚು?"

"ನಾಲ್ಕು ವರ್ಷ ಆಗಿತ್ತು ಭಾವ. ನೀವು ಬಂದಾಗೆಲ್ಲ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಗ್ತಿದ್ರು."

ಭಾವ ಎದ್ದು, ಹೆಂಡತಿಯ ಕೈಯಿಂದ ಆ ಕೆಂಪು ಬಟ್ಟೆ ತೆಗೆದುಕೊಂಡು, ಮಡಚಿ ಕಾರಿನಲ್ಲಿಟ್ಟು ಬಂದರು.