ಬೆಂಕಿಗೆ ಹಿಡಿದ ಹಲಗೆ

ಮಸ್ಕಿಯ ಕಡೆಗೆ ಕಾಲುವೆ ನೀರು ಬಂದ ವರ್ಷ ನಾವು ಕ್ರೈಸ್ತರಾದೆವು. ದುರುಗಮ್ಮನ ಮುಂದೆ ಬಾರಿಸಿದ ಅಪ್ಪನ ಹಲಗೆಯನ್ನು ಸುಡಲೇಬೇಕೆಂದು ಪಾದ್ರಿಗಳು ಹಟ ಹಿಡಿದರು. ಪರ ಊರಿನ ಅವರಿಗೆ ಹಲಗೆಯ ಗಂಧಗಾಳಿ ಗೊತ್ತಿರಲಿಲ್ಲ.

ಭಾನುವಾರ ಚರ್ಚಿನ ಅಂಗಳದಲ್ಲಿ ಜೋಳದ ದಂಟಿಗೆ ಬೆಂಕಿ ಹಚ್ಚಿದರು. ಸಭೆಯವರು ಸುತ್ತ ನಿಂತರು.

‘ಹಾಕು, ಗದ್ದೆಪ್ಪ,’ ಎಂದರು ಪಾದ್ರಿಗಳು.

ಅಪ್ಪ ಹಲಗೆಯನ್ನು ಉರಿಯ ಹತ್ತಿರ ಹಿಡಿದ, ಕೈ ಬಿಡಲಿಲ್ಲ. ಮೂವತ್ತು ವರ್ಷಗಳಿಂದ ಪ್ರತಿ ಸಲ ಬಾರಿಸುವ ಮುನ್ನ ಮಾಡುತ್ತಿದ್ದಂತೆಯೇ ನಿಧಾನವಾಗಿ ತಿರುಗಿಸಿದ. ಸಡಿಲವಾಗಿದ್ದ ಚರ್ಮ ಬಿಗಿಯಾಯಿತು. ಬೆರಳಿನಿಂದ ತಟ್ಟಿ ನೋಡಿದ. ಸದ್ದು ಕೇರಿಯಾಚೆಗೂ ಕೇಳಿಸಿತು. ಪಾದ್ರಿಗಳ ಮುಖ ಕೆಂಪಾಯಿತು.

ಅಪ್ಪ ಹಲಗೆಯನ್ನು ಹೆಗಲಿಗೇರಿಸಿಕೊಂಡ.

‘ಕಾದೈತ್ರಿ ಅಯ್ಯನವರ,’ ಎಂದ. ‘ಯೇಸಪ್ಪನ ಹಾಡು ಸುರು ಮಾಡ್ರಿ.’